ಹಂಪೆಯಿಂದ ಬಂದವರು: ಮನೆತನದ ಪುಸ್ತಿಕೆಗಳ ಒಂದು ಓದು

ಸೇಲಂ ಜಿಲ್ಲೆಯ ಮೇಚೇರಿ, ಮೆಟ್ಟೂರು, ಓಮಲೂರು, ಅತ್ತ ಧರ್ಮಪುರಿ, ಪೆನ್ನಾಗರಂ ಕಡೆಯ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಬಗೆಯ ಬರವಣಿಗೆ ಹೆಚ್ಚುತ್ತಿದೆ. ಮದುವೆಗೋ, ಕುಲದೇವರ ಗುಡಿಯ ಕುಂಭಾಭಿಷೇಕಕ್ಕೋ, ಮನೆತನದವರೆಲ್ಲ ಸೇರುವ ದಿನಕ್ಕೋ ಅಚ್ಚು ಹಾಕಿಸಿ ಹಂಚುವ ಇಪ್ಪತ್ತು ಮೂವತ್ತು ಪುಟಗಳ ಪುಸ್ತಿಕೆ ಅದು. ಮುಖಪುಟದಲ್ಲಿ ಹಂಪೆಯ ಕಲ್ಲಿನ ರಥ, ಒಳಗೆ ತಾತನ ಫೋಟೋ, ಕೊನೆಯಲ್ಲಿ ಮಡಚಿಟ್ಟ ದೊಡ್ಡ ಹಾಳೆಯ ಮೇಲೆ ವಂಶವೃಕ್ಷ. ಬಹುಪಾಲು ತಮಿಳಿನಲ್ಲಿರುತ್ತವೆ. ಕನ್ನಡ ಮಾತಾಡುವ ಮನೆಯ ಚರಿತ್ರೆಯನ್ನು ಆ ಮನೆಯ ಮಕ್ಕಳು ಓದಬೇಕಾದರೆ ತಮಿಳಿನಲ್ಲಿ ಬರೆಯಬೇಕಾದ ಸ್ಥಿತಿ ನಮ್ಮದು. ಕನ್ನಡ ಮಾತನ್ನೇ ತಮಿಳು ಲಿಪಿಯಲ್ಲಿ ಇಳಿಸಿದ ಒಂದೆರಡು ಪುಸ್ತಿಕೆಗಳೂ ನನ್ನಲ್ಲಿವೆ. ಅವನ್ನು ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥವಾಗುತ್ತದೆ.

ಇಂಥವು ವಿಮರ್ಶೆಗೆ ವಸ್ತುವಾದಾವೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಆಗುತ್ತವೆ. ನಮ್ಮ ಕಡೆ ಕನ್ನಡದ ಕವನ ಸಂಕಲನವೊಂದು ಹೊರಬರುವುದು ಅಪರೂಪ. ಬಂದರೂ ಓದುವವರು ಕೈಬೆರಳೆಣಿಕೆಯ ಮಂದಿ. ಈ ಪುಸ್ತಿಕೆಗಳಾದರೋ ಮನೆಮನೆಗೂ ಹೋಗುತ್ತವೆ, ದೇವರ ಗೂಡಿನಲ್ಲಿ ಕೂರುತ್ತವೆ, ಮುಂದಿನ ತಲೆಮಾರು ಅವನ್ನೇ ಪ್ರಮಾಣವೆಂದು ನಂಬುತ್ತದೆ. ನಮ್ಮನ್ನು ನಾವು ಯಾರೆಂದು ತಿಳಿಯುತ್ತೇವೆ ಎಂಬುದನ್ನು ಇವು ತೀರ್ಮಾನಿಸುತ್ತಿವೆ. ಹಾಗಿರುವಾಗ ಒಂದು ಕವನಕ್ಕೆ ಕೊಡುವಷ್ಟಾದರೂ ಗಮನವನ್ನು ಇವಕ್ಕೆ ಕೊಡಬೇಡವೇ?

ನಾನು ಓದಿದ ಹತ್ತು ಹನ್ನೆರಡು ಪುಸ್ತಿಕೆಗಳ ಕಥೆ ಹೆಚ್ಚು ಕಡಿಮೆ ಒಂದೇ. ಮೊದಲು ಶಿವನೋ ದೇವಿಯೋ ಕುಲವನ್ನು ಸೃಷ್ಟಿಸಿದ ಪ್ರಸಂಗ. ಆಮೇಲೆ ನೇರವಾಗಿ ವಿಜಯನಗರ: ನಮ್ಮ ಮೂಲಪುರುಷ ಅಲ್ಲಿ ದಂಡನಾಯಕನಾಗಿದ್ದ, ಇಲ್ಲವೇ ಅರಸರಿಗೆ ಪಟ್ಟೆ ನೇಯ್ದುಕೊಡುತ್ತಿದ್ದ, ಇಲ್ಲವೇ ಅರಸರಿಗೇ ನೆಂಟ. ತುರುಕ ದೊರೆ ನಮ್ಮ ಮನೆಯ ಹೆಣ್ಣು ಕೇಳಿದ. ಹಿರಿಯರು ರಾತ್ರೋರಾತ್ರಿ ಊರು ಬಿಟ್ಟರು. ಎದುರಿಗೆ ತುಂಬಿದ ಹೊಳೆ. ಆಚೆ ದಡದ ಹೊಂಗೆಯ ಮರ ಬಾಗಿ ಸೇತುವೆಯಾಯಿತು. ಎಲ್ಲರೂ ದಾಟಿದ ಮೇಲೆ ಮರ ನೆಟ್ಟಗಾಯಿತು, ಬೆನ್ನಟ್ಟಿದವರು ಅಲ್ಲೇ ಉಳಿದರು. ಇಷ್ಟಕ್ಕೆ ಏಳೆಂಟು ಪುಟ. ಮುಂದಿನ ಪುಟ ತಿರುಗಿಸಿದರೆ ಮುತ್ತಾತ ಮೇಚೇರಿ ಸಂತೆಯಲ್ಲಿ ಕುರಿ ಮಾರುತ್ತಿದ್ದಾನೆ. ನಡುವೆ ಮುನ್ನೂರು ವರ್ಷ ಖಾಲಿ.

ನಾನು ಬ್ಯಾಂಕಿನ ಗುಮಾಸ್ತ. ತೀರಿಕೊಂಡವರ ಖಾತೆಯ ಹಣ ಕೇಳಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ನಾಮಿನಿಯ ಹೆಸರಿಲ್ಲದಿದ್ದರೆ ವಾರಿಸು ಸರ್ಟಿಫಿಕೇಟು ತನ್ನಿ ಎನ್ನಲೇಬೇಕು. ಎದುರಿಗೆ ನಿಂತವನು ಸತ್ತವನ ಮಗನೆಂದು ಇಡೀ ಊರಿಗೆ ಗೊತ್ತು, ನನಗೂ ಗೊತ್ತು. ಆದರೂ ಕಾಗದ ಬೇಕು. ಇದು ಅವನ ಮೇಲಿನ ಅನುಮಾನವಲ್ಲ. ಇವನು ಇಂಥವನ ಮಗ ಎಂಬ ಕೊಂಡಿಯನ್ನು ಮೂರನೆಯವರೊಬ್ಬರು ನೋಡಿ ಒಪ್ಪಬೇಕು ಎಂಬುದಷ್ಟೇ ಇದರ ಹಿಂದಿನ ವಿಚಾರ. ಒಂದು ತಲೆಮಾರಿಗೆ ಇಷ್ಟು ಬೇಕಾದರೆ ಹದಿನೈದು ತಲೆಮಾರಿಗೆ ಎಷ್ಟು ಬೇಕು ಎಂದು ಪುಸ್ತಿಕೆ ಬರೆದ ಹಿರಿಯರೊಬ್ಬರನ್ನು ಕೇಳಿದೆ. "ಅಲ್ಲ ಕಣಪ್ಪ, ಹಂಗಾರೆ ನಮ್ಮ ತಾತ ಸುಳ್ಳು ಹೇಳಿದ್ನಾ?" ಎಂದು ಅವರು ತಿರುಗಿ ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದು. ತಾತ ಸುಳ್ಳು ಹೇಳಲಿಲ್ಲ; ಕೇಳಿದ್ದನ್ನು ಹೇಳಿದ. ಆದರೆ ಅದೇ ಮಾತನ್ನು ಇನ್ನೂ ಅನೇಕರ ತಾತಂದಿರು ಹೇಳಿದ್ದಾರೆ ಎಂಬುದೇ ಇಲ್ಲಿರುವ ತೊಡಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ತೆಲುಗು ಮಾತಾಡುವ ತೊಟ್ಟಿಯರು ಇದೇ ಹೆಣ್ಣು, ಇದೇ ಹೊಳೆ, ಇದೇ ಹೊಂಗೆ ಮರದ ಕಥೆ ಹೇಳುತ್ತಾರೆ. ಮದುರೆ ಸೀಮೆಯ ಕನ್ನಡ ಒಕ್ಕಲಿಗರಾದ ಕಪ್ಪಿಲಿಯರದೂ ಇಂಥದೇ ಕಥೆ. ಒಂದು ಮರ ಇಷ್ಟು ಮಂದಿಗೆ ಬಾಗಿದ್ದರೆ ಅದು ಯಾವ ಮನೆತನದ ಸಾಕ್ಷಿ? ಉತ್ತರದಿಂದ ತೆಂಕಣಕ್ಕೆ ಜನ ಇಳಿದು ಬಂದರು ಎಂಬ ಸಾಮಾನ್ಯ ನೆನಪು ಆ ಕಥೆಯಲ್ಲಿ ಇರಬಹುದು, ಇದೆ ಎಂದೇ ನನ್ನ ಎಣಿಕೆ. ವಿಜಯನಗರದ ಕಾಲದಲ್ಲಿ ಸೈನಿಕರು, ನೇಕಾರರು, ಕುರುಬರು, ಒಕ್ಕಲುಗಳು ತಮಿಳು ಸೀಮೆಗೆ ಬಂದದ್ದನ್ನು ಇತಿಹಾಸಕಾರರೂ ಒಪ್ಪುತ್ತಾರೆ. ಒಂದು ಸಮುದಾಯಕ್ಕೆ ನಿಜವಿರಬಹುದಾದದ್ದು ಒಂದು ಮನೆತನಕ್ಕೆ ರುಜುವಾತಾಗಿಬಿಡುವುದಿಲ್ಲ. ಪುಸ್ತಿಕೆಗಳು ಈ ಎರಡನ್ನೂ ಒಂದೇ ಮಾಡಿಬಿಡುತ್ತವೆ.

ಇನ್ನು ಕೆಲವು ಪುಸ್ತಿಕೆಗಳಲ್ಲಿ ಹೆಣ್ಣು ಕೇಳಿದವನು ಟಿಪ್ಪು ಸುಲ್ತಾನ. ಒಂದರಲ್ಲಂತೂ ಮೂರನೆಯ ಪುಟದಲ್ಲಿ ಹಂಪೆ ಬಿಟ್ಟವರು ಐದನೆಯ ಪುಟದಲ್ಲಿ ಟಿಪ್ಪುವಿಗೆ ಹೆದರಿ ಹೊಳೆ ದಾಟುತ್ತಾರೆ. ಹಂಪೆ ಬಿದ್ದದ್ದು 1565ರ ಯುದ್ಧದ ಮೇಲೆ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಆ ಹೊಳೆ ದಾಟಲು ಇನ್ನೂರು ವರ್ಷ ಹಿಡಿಯಿತೆನ್ನಬೇಕು. ಅದನ್ನು ಅಚ್ಚಿನ ತಪ್ಪೆಂದು ಬಿಟ್ಟರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಓಮಲೂರು, ಧರ್ಮಪುರಿ ಕಡೆಯ ನೆಲ 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಮೈಸೂರಿನ ಕೈಗೆ ಬಂದಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲೂ ಸೇಲಂ ಸೀಮೆಯೂ ಕಂಪನಿಗೆ ಸಂದವು. ಅಲ್ಲಿಯವರೆಗೆ ಇದು ಟಿಪ್ಪುವಿನದೇ ಸೀಮೆ. ಟಿಪ್ಪುವಿಗೆ ಹೆದರಿ ಓಡಿದವರು ಟಿಪ್ಪುವಿನ ಅಮಲ್ದಾರನೇ ಕಂದಾಯ ಎತ್ತುತ್ತಿದ್ದ ಊರಿಗೆ ಬಂದು ಯಾಕೆ ನೆಲೆ ನಿಲ್ಲುತ್ತಾರೆ? ಈ ಕಥೆಯಲ್ಲಿ ಇತಿಹಾಸಕ್ಕಿಂತ ಈಚಿನ ದಿನಗಳ ಗಾಳಿಯೇ ಹೆಚ್ಚು ಬೀಸುತ್ತಿದೆ ಎಂದು ನನಗೆ ತೋರುತ್ತದೆ. ಮೇಚೇರಿ ಪೇಟೆಯಲ್ಲಿ ನಮ್ಮ ಪಕ್ಕದ ಅಂಗಡಿಯವರು ಸಾಹೇಬರು. ರುಜುವಾತಿಲ್ಲದ ಒಂದು ಹೆದರಿಕೆಯನ್ನು ಮಕ್ಕಳ ಕೈಗೆ ಚರಿತ್ರೆಯೆಂದು ಕೊಟ್ಟರೆ ನಾಳೆ ಆ ಮಕ್ಕಳು ಪಕ್ಕದ ಅಂಗಡಿಯನ್ನು ಯಾವ ಕಣ್ಣಿನಿಂದ ನೋಡಿಯಾರು?

ನಾವು ಬಡವರು, ಅದಕ್ಕೇ ದೊಡ್ಡ ವಂಶದ ಆಸೆ ಎಂದು ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ಅರಸರೂ ಇದನ್ನೇ ಮಾಡಿದ್ದಾರೆ. ನಮ್ಮ ಸೀಮೆಯನ್ನು ಗೆದ್ದ ಅದೇ ಚಿಕ್ಕದೇವರಾಜರ ಮಂತ್ರಿ ತಿರುಮಲಾರ್ಯ ಬರೆದ 'ಚಿಕದೇವರಾಜ ವಂಶಾವಳಿ' ಹಳಗನ್ನಡ ಗದ್ಯದ ಒಳ್ಳೆಯ ಮಾದರಿಗಳಲ್ಲಿ ಒಂದು. ಅದರ ಪ್ರಕಾರ ಮೈಸೂರಿನ ಒಡೆಯರು ದ್ವಾರಕೆಯ ಯಾದವರು. ಹೊಯ್ಸಳರ ಶಾಸನಗಳೂ ತಮ್ಮ ಅರಸರನ್ನು ದ್ವಾರಾವತೀಪುರವರಾಧೀಶ್ವರರೆಂದು ಹೊಗಳುತ್ತವೆ. ಹದಿನಾಡಿನ ಬಳಿಯ ಒಂದು ಸಣ್ಣ ಪಾಳೆಯದಿಂದ ಮೇಲೆದ್ದ ಮನೆತನ ಸುತ್ತಲ ಅರಸರ ಸಾಲಿನಲ್ಲಿ ಕೂರಬೇಕಾದರೆ ಅವರಂತೆಯೇ ಒಂದು ದ್ವಾರಕೆ ಬೇಕಾಗುತ್ತದೆ. ತಿರುಮಲಾರ್ಯರ ಗದ್ಯವನ್ನು ಗದ್ಯವೆಂದು ಮೆಚ್ಚುವುದಕ್ಕೆ ದ್ವಾರಕೆಯನ್ನು ನಂಬಬೇಕಾಗಿಲ್ಲ. ನಮ್ಮ ಪುಸ್ತಿಕೆಯವರ ಕೊರತೆ ಏನೆಂದರೆ ಅವರು ತಿರುಮಲಾರ್ಯರ ದ್ವಾರಕೆಯನ್ನು ಮಾತ್ರ ತೆಗೆದುಕೊಂಡು ಗದ್ಯವನ್ನು ಬಿಟ್ಟುಬಿಟ್ಟಿದ್ದಾರೆ.

ಈ ವಾರ್ಷಿಕವನ್ನು ಓದುವ ಕಾಸರಗೋಡಿನ ಮಿತ್ರರಿಗೆ ಇದು ಹೊಸತಲ್ಲ. ತುಳುನಾಡಿನ ಬ್ರಾಹ್ಮಣರನ್ನು ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದನೆಂದು 'ಗ್ರಾಮಪದ್ಧತಿ' ಹೇಳುತ್ತದೆ. ಆದರೆ ಮಯೂರಶರ್ಮನ ಕಥೆಯನ್ನು ವಿಸ್ತಾರವಾಗಿ ಹೇಳುವ 5ನೆಯ ಶತಮಾನದ ತಾಳಗುಂದದ ಕಂಬದ ಶಾಸನದಲ್ಲಿ ಆ ಮಾತೇ ಇಲ್ಲ. ಮಲಯಾಳದ ಓದುಗರಿಗೆ ಪರಶುರಾಮನ ಕೊಡಲಿಯಿಂದ ಶುರುವಾಗುವ 'ಕೇರಳೋತ್ಪತ್ತಿ' ಗೊತ್ತೇ ಇದೆ; ಗುಂಡರ್ಟ್ ಅದನ್ನು 1843ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇವೆರಡನ್ನೂ ವಿದ್ವಾಂಸರು ಬಿಸಾಡಲಿಲ್ಲ. ಬರೆದ ಕಾಲದ ಜನ ತಮ್ಮ ಭೂಮಿಯ ಹಕ್ಕನ್ನು, ಗ್ರಾಮಗಳ ಮೇಲುಕೀಳನ್ನು ಹೇಗೆ ಸಮರ್ಥಿಸಿಕೊಂಡರು ಎಂಬುದಕ್ಕೆ ಸಾಕ್ಷಿಯಾಗಿ ಓದಿದರು. ಬಂದದ್ದಕ್ಕೆ ಸಾಕ್ಷಿಯಾಗದಿದ್ದರೂ ಬಂದೆವೆಂದು ಹೇಳಬೇಕಾಗಿ ಬಂದದ್ದಕ್ಕೆ ಅವು ಸಾಕ್ಷಿ. ಹೊಸದುರ್ಗ, ಬೇಕಲದ ಸುತ್ತಲ ಕೋಟೆಗಾರ ಮನೆಗಳಿಗೆ ಈ ಕಷ್ಟ ಕಡಿಮೆಯೆಂದು ನನಗನ್ನಿಸುತ್ತದೆ. ಕೆಳದಿಯ ನಾಯಕರು ಕಟ್ಟಿದ ಕೋಟೆಗಳು ಕಣ್ಣೆದುರಿಗೇ ಇವೆ, ಕೋಟೆಯ ಕಾವಲಿಗೆ ಬಂದವರೆಂಬುದು ಹೆಸರಿನಲ್ಲೇ ಇದೆ. ನಮ್ಮ ಕಡೆ ಅಂಥ ಕಲ್ಲುಗಳಿಲ್ಲ. ಉತ್ತರ ಕರ್ನಾಟಕದವರಿಗೆ ಹೆಳವರಾದರೂ ಇದ್ದಾರೆ. ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಓದಿ ಕಾಳು ಕಡಿ ತೆಗೆದುಕೊಂಡು ಹೋಗುತ್ತಾರೆ. ಕಾಳು ಕೊಡುವವನ ವಂಶವನ್ನು ಹೆಳವ ಕೊಂಚ ಹಿಗ್ಗಿಸಿದರೂ ಹೆಸರುಗಳ ಸರಣಿಯಾದರೂ ಉಳಿಯುತ್ತದೆ.

ಇದಕ್ಕೆ ಹೋಲುವ ಒಂದು ಪ್ರಸಂಗ ಅಮೆರಿಕದಲ್ಲಿದೆ. ಅಲ್ಲಿಯ ಸಾವಿರಾರು ಬಿಳಿಯರ ಮತ್ತು ಕರಿಯರ ಮನೆಗಳಲ್ಲಿ 'ನಮ್ಮ ಮುತ್ತಜ್ಜಿ ಚೆರೋಕೀ ಬುಡಕಟ್ಟಿನವಳು' ಎಂಬ ಮಾತಿದೆ. ಎಷ್ಟೋ ಕಡೆ ಆಕೆ ರಾಜಕುಮಾರಿಯೂ ಹೌದು. ಚೆರೋಕಿಗಳಲ್ಲಿ ರಾಜಕುಮಾರಿ ಎಂಬ ಪದವಿಯೇ ಇರಲಿಲ್ಲ. 20ನೆಯ ಶತಮಾನದ ಮೊದಲಲ್ಲಿ ಅಲ್ಲಿನ ಒಂದು ನ್ಯಾಯಾಲಯ ಪೂರ್ವದ ಚೆರೋಕಿಗಳಿಗೆ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಯಾರಿಗೆ ಸಲ್ಲಬೇಕೆಂದು ಗೊತ್ತುಮಾಡಲು ಗೈಯನ್ ಮಿಲ್ಲರ್ ಎಂಬ ಅಧಿಕಾರಿಯನ್ನು ನೇಮಿಸಿದರು. ಸುಮಾರು 90,000 ಮಂದಿಯ ಪರವಾಗಿ 45,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಹಳೆಯ ಪಟ್ಟಿಗಳೊಡನೆ ತಾಳೆ ನೋಡಿದ ಮೇಲೆ ಅರ್ಹರೆಂದು ತೀರ್ಮಾನವಾದವರು ಸುಮಾರು 30,000. ಕೌಂಟರಿನ ಹಿಂದೆ ಕೂರುವ ನನಗೆ ಆ ಅಧಿಕಾರಿಯ ಮೇಜು ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ತಿರಸ್ಕೃತರಾದವರೆಲ್ಲ ಮೋಸಗಾರರಾಗಿರಲಿಲ್ಲ. ಹಲವರು ಅಜ್ಜಿಯ ಮಾತನ್ನು ನಂಬಿ ಬರೆದವರೇ.

ಹಣ ಹಂಚಿ ಮುಗಿದ ಮೇಲೂ ಆ ಮಾತು ನಿಲ್ಲಲಿಲ್ಲ. 2010ರ ಅಲ್ಲಿಯ ಜನಗಣತಿಯಲ್ಲಿ ತಾವು ಚೆರೋಕಿಗಳೆಂದು ಬರೆಸಿದವರು 8 ಲಕ್ಷ 19 ಸಾವಿರ. ಚೆರೋಕೀ ಭಾಷೆ ಮಾತಾಡಬಲ್ಲವರು ಸುಮಾರು ಎರಡು ಸಾವಿರ. ಸಿಕ್ವೋಯಾ ಎಂಬವರು 1821ರಲ್ಲಿ ಆ ಭಾಷೆಗೆ ಲಿಪಿ ರೂಪಿಸಿದ್ದರು. 1828ರಲ್ಲೇ, ನಮ್ಮ 'ಮಂಗಳೂರ ಸಮಾಚಾರ'ಕ್ಕಿಂತ ಹದಿನೈದು ವರ್ಷ ಮೊದಲು, ಅವರ ಪತ್ರಿಕೆ ಹೊರಟಿತ್ತು. ಅಜ್ಜಿಯನ್ನು ಬಯಸುವವರು ಲಕ್ಷಗಟ್ಟಲೆ, ಅಜ್ಜಿಯ ಮಾತನ್ನು ಬಯಸುವವರು ಎರಡು ಸಾವಿರ! 2018ರಲ್ಲಿ ಎಲಿಜಬೆತ್ ವಾರೆನ್ ಎಂಬ ಸೆನೆಟರು ತಮ್ಮ ಮನೆಯ ಮಾತನ್ನು ಸಮರ್ಥಿಸಲು ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಾಗ, ನಮ್ಮವರು ಯಾರೆಂದು ರಕ್ತಪರೀಕ್ಷೆ ಹೇಳಲಾರದು ಎಂಬ ಅರ್ಥದಲ್ಲಿ ಚೆರೋಕೀ ನೇಷನ್ ಆಕ್ಷೇಪಿಸಿತು. ಮರುವರ್ಷ ಅವರು ಕ್ಷಮೆ ಕೇಳಿದರು.

ನಮ್ಮಲ್ಲಿಯೂ ಈ ಲೆಕ್ಕ ಹಾಕಿ ನೋಡಬಹುದು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು 12 ಲಕ್ಷ 86 ಸಾವಿರದಷ್ಟು. ಮನೆಗೆ ಬಂದ ಎಣಿಕೆಯ ಮೇಷ್ಟರಿಗೆ 'ತಮಿಳೇ ಬರ್ಕೊಳ್ಳಿ ಸಾರ್, ಯಾಕೆ ತೊಂದರೆ' ಎಂದವರನ್ನು ನಾನು ಬಲ್ಲೆ. ಅವರ ಮನೆಯ ಪುಸ್ತಿಕೆಯ ಮುಖಪುಟದಲ್ಲೂ ಹಂಪೆಯ ರಥವಿದೆ.

ಪುಸ್ತಿಕೆಗಳ ಬಗ್ಗೆ ನನ್ನ ಮುಖ್ಯ ಆಕ್ಷೇಪ ಮಾತ್ರ ಬೇರೆ. ಹಂಪೆಯಿಂದ ಬಂದೆವು ಎಂದು ಪದೇ ಪದೇ ಹೇಳಿಕೊಳ್ಳುವುದರಲ್ಲಿ, ನಾವು ಇಲ್ಲಿಯವರಲ್ಲ ಎಂಬ ಒಪ್ಪಿಗೆಯೂ ಅಡಗಿದೆ. ಇಲ್ಲಿ ಕನ್ನಡ ಹೊರಗಿನದು, ನಾವು ಆಶ್ರಯ ಬೇಡಿ ಬಂದ ನೆಂಟರು ಎಂಬ ಭಾವನೆಯನ್ನು ಆ ಕಥೆ ಗಟ್ಟಿ ಮಾಡುತ್ತದೆ. ಧರ್ಮಪುರಿಯ ಕಂಬವೊಂದರ ಮೇಲೆ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನವಿದೆ. ಶಕವರ್ಷ 815, ಅಂದರೆ ಕ್ರಿ.ಶ. 893. ಅಲ್ಲಿ ಒಂದು ಬಸದಿಗೆ ಕೊಟ್ಟ ದಾನದ ವಿಷಯ ಅದು. ಹಂಪೆಯಲ್ಲಿ ರಾಜಧಾನಿ ಏಳುವುದಕ್ಕೆ ನಾನೂರು ವರ್ಷಗಳಿಗೂ ಮೊದಲು ಧರ್ಮಪುರಿಯಲ್ಲಿ ಕನ್ನಡದಲ್ಲಿ ಕಲ್ಲು ಕೆತ್ತಿಸುವವರೂ ಅದನ್ನು ಓದುವವರೂ ಇದ್ದರು. ಹಾಗೆಂದು ಆ ಕಲ್ಲನ್ನು ನಮ್ಮ ಮನೆಯ ಕಾಗದವೆಂದು ಹೇಳುವಂತಿಲ್ಲ. ಸಾವಿರದ ನೂರು ವರ್ಷಗಳ ಕೊಂಡಿ ಅದಕ್ಕೂ ಇಲ್ಲ. ಹಂಪೆಗೆ ಕೇಳಿದ ಸರ್ಟಿಫಿಕೇಟನ್ನು ಧರ್ಮಪುರಿಗೂ ಕೇಳಲೇಬೇಕು. ಆದರೂ ನಮ್ಮಲ್ಲಿ ಕೆಲವರು ಎಲ್ಲಿಂದಲೂ ಬಾರದೆ ಇಲ್ಲೇ ಇದ್ದವರಾಗಿರಬಹುದಲ್ಲ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಒಂದು ಪುಸ್ತಿಕೆಯೂ ಆ ಪ್ರಶ್ನೆಯನ್ನು ಕೇಳಿಕೊಂಡಿಲ್ಲ.

ದೇವರ ಹೆಸರನ್ನಾದರೂ ಗಮನಿಸಬಹುದಿತ್ತು. ಹಂಪೆಯ ದಂಡನಾಯಕನ ಸಂತಾನವೆನ್ನುವ ಎಷ್ಟೋ ಮನೆಗಳಲ್ಲಿ ವಿರೂಪಾಕ್ಷನ ಹೆಸರಿಲ್ಲ. ಹರಕೆ ಹೋಗುವುದು ಮಾದಪ್ಪನಿಗೆ. ಮೆಟ್ಟೂರಿನ ನೀರು ದಾಟಿ ಪಾಲಾರಿನ ದಾರಿ ಹಿಡಿದರೆ ಮಲೆ ಮಹದೇಶ್ವರನ ಬೆಟ್ಟ ಅರ್ಧ ದಿನದ ಹಾದಿಯೂ ಅಲ್ಲ. ಮುಡಿ ಕೊಡುವುದು ಅಲ್ಲಿ, ಹೆಣ್ಣು ಕೊಟ್ಟು ತಂದದ್ದು ಕೊಳ್ಳೇಗಾಲದ ಕಡೆಯೊಡನೆ. ಕಾವೇರಿಪುರದ ಕಣಿವೆ ಮೈಸೂರು ಸೀಮೆಯಿಂದ ಕೆಳಕ್ಕೆ ಇಳಿಯುವ ಹಳೆಯ ದಾರಿ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅದೇ ದಾರಿಯಾಗಿ ಬಂದರು. ಮುಂದಿನ ವರ್ಷ ಕಾಸರಗೋಡಿನ ಕಡೆಗೂ ಹೋದರು. ಹೋದ ಊರಿನಲ್ಲೆಲ್ಲ ಜನರ ಮೂಲವನ್ನು ಕೇಳಿ ಬರೆದುಕೊಂಡ ಅವರು, ಅದು ಆ ಜನ ಹೇಳುವ ಮಾತು ಎಂಬುದನ್ನು ಮರೆಯದೆ ಸೂಚಿಸುತ್ತಾರೆ. ಆ ಸಣ್ಣ 'ಅಂತೆ' ನಮ್ಮ ಪುಸ್ತಿಕೆಗಳಲ್ಲಿ ಎಲ್ಲೂ ಇಲ್ಲ. ಕನ್ನಡದಲ್ಲಿ ಅದನ್ನು ಹೇಳಲು ಒಂದು ಅಕ್ಷರ ಹೆಚ್ಚಾದರೆ ಸಾಕಿತ್ತು! 1792ರಿಂದ ಏಳು ವರ್ಷ ಅಲೆಗ್ಸಾಂಡರ್ ರೀಡ್, ಥಾಮಸ್ ಮನ್ರೋ ಮೊದಲಾದವರು ಊರೂರು ಅಳೆದು ಬರೆಸಿದ ಬಾರಾಮಹಲ್ ದಾಖಲೆಗಳು ಅಚ್ಚಾಗಿವೆ. ನಿವಾಸಿಗಳ ಬಗೆಗಿನ ಭಾಗ 1907ರಷ್ಟು ಹಿಂದೆಯೇ ಬಂದಿದೆ. ಅದನ್ನು ತೆರೆದು ನೋಡಿದ ಗುರುತು ಈ ಪುಸ್ತಿಕೆಗಳಲ್ಲಿ ಒಂದರಲ್ಲೂ ಕಾಣಲಿಲ್ಲ.

ಇವೆಲ್ಲ ದೂರದ ಮಾತು ಎನ್ನುವುದಾದರೆ ತೀರ ಹತ್ತಿರದ್ದನ್ನು ನೋಡೋಣ. ಮೆಟ್ಟೂರಿನ ಅಣೆಕಟ್ಟು 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿಯಿತು. ನಾಯಂಬಾಡಿ, ಸಂಪಳ್ಳಿಯಂಥ ಊರುಗಳು ನೀರಿನಡಿಗೆ ಹೋದವು. ಅಲ್ಲಿಂದ ಎದ್ದ ಕೆಲವರು ಬೆಟ್ಟದಾಚೆಯ ಮಾರ್ಟಳ್ಳಿಗೆ ಹೋಗಿ ಕರ್ನಾಟಕದಲ್ಲಿ ತಮಿಳಿನವರಾದರು. ಇನ್ನು ಕೆಲವರು ಮೇಚೇರಿ ಕಡೆಗೆ ಬಂದರು. ಬೇಸಗೆಯಲ್ಲಿ ನೀರು ಇಳಿದರೆ ಪಣ್ಣವಾಡಿಯ ಹತ್ತಿರ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರಗಳೂ ತಲೆ ಎತ್ತುತ್ತವೆ. ಪತ್ರಿಕೆಯವರು ಫೋಟೋ ಹಾಕುತ್ತಾರೆ, ಜನ ಪರಿಸಲು ಏರಿ ನೋಡಿ ಬರುತ್ತಾರೆ. ಮನೆತನಗಳು ನಿಜವಾಗಿ ಊರು ಬಿಟ್ಟದ್ದು, ನಿಜವಾಗಿ ಹೊಳೆಯ ನೀರು ಏರಿ ಬಂದದ್ದು ಇದು. ನೂರು ವರ್ಷವೂ ಆಗಿಲ್ಲ. ಭೂಸ್ವಾಧೀನದ ನೋಟೀಸು, ಪರಿಹಾರದ ರಸೀದಿ, ಹಳೆಯ ಪಟ್ಟಾ ಯಾರದಾದರೂ ಟ್ರಂಕಿನ ತಳದಲ್ಲಿ ಇದ್ದೀತು. ಹಂಪೆಗೆ ಏಳು ಪುಟ ಕೊಟ್ಟ ಪುಸ್ತಿಕೆಗಳು ಇದಕ್ಕೆ ಒಂದು ಸಾಲನ್ನೂ ಕೊಟ್ಟಿಲ್ಲ. ಅಣೆಕಟ್ಟಿನಲ್ಲಿ ದಂಡನಾಯಕರಿಲ್ಲ, ಗಾಡಿಗೆ ಪಾತ್ರೆ ಪರಟಿ ಹೇರಿಕೊಂಡು ಹೊರಟವರು, ಸರಿಯಾಗಿ ಪರಿಹಾರ ಸಿಗದವರು, ಬೇರೆಯವರ ಹೊಲದಲ್ಲಿ ಕೂಲಿಗೆ ನಿಂತವರು ಇದ್ದಾರೆ. ಅವರನ್ನು ಮುಖಪುಟಕ್ಕೆ ಹಾಕಲು ಯಾರಿಗೆ ಮನಸ್ಸಾದೀತು?

ನಾನು ಓದಿದವುಗಳಲ್ಲಿ ಒಂದೇ ಒಂದು ಪುಸ್ತಿಕೆ ಇದಕ್ಕೆ ಹೊರತಾಗಿದೆ. ಅದರಲ್ಲೂ ಹಂಪೆ ಇದೆ, ಹೊಂಗೆ ಮರ ಇದೆ, ಅಚ್ಚು ಕೆಟ್ಟದು, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಎಂದಿನಂತೆ ಇಲ್ಲ. ಆದರೆ ಕೊನೆಯ ಎರಡು ಪುಟಗಳನ್ನು ಬರೆಯುವ ಹುಡುಗಿ, ಆ ಮನೆಯ ಮೊಮ್ಮಗಳು, ತನ್ನ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ, ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ನೀರು ಬರುವ ಮೊದಲು ಹಳೆಯ ಊರಿನಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಇತ್ತು, ಬಾವಿ ಯಾವ ಕಡೆಗೆ, ಮಾದಪ್ಪನ ಗುಡಿಯಿಂದ ಹೊಳೆಗೆ ಎಷ್ಟು ಹೆಜ್ಜೆ, ಕಲ್ಲು ಕಿತ್ತು ತಂದದ್ದು ಯಾರು, ದಾರಿಯಲ್ಲಿ ಸತ್ತ ಎತ್ತಿನ ಬಣ್ಣ ಯಾವುದು ಎಂಬುದೆಲ್ಲ ಅಲ್ಲಿದೆ. ಅಜ್ಜಿಗೂ ತನ್ನ ತಾಯಿ ಹೇಳಿ ಗೊತ್ತು. ಆದ್ದರಿಂದ ಪ್ರತಿ ಸಾಲಿನ ಕೊನೆಗೂ ಒಂದು 'ಅಂತೆ' ಇದೆ. ಎರಡು ಕಡೆ ಅಜ್ಜಿ ನೆನಪಿಲ್ಲ ಎಂದದ್ದನ್ನೂ ಹುಡುಗಿ ಬಿಡದೆ ಬರೆದಿದ್ದಾಳೆ. ಹದಿನೇಳು ಮನೆಗಳ ಹೆಸರಿದೆ. ಅವುಗಳಲ್ಲಿ ನಾಲ್ಕು ಮನೆಯವರ ಖಾತೆ ನಮ್ಮ ಬ್ಯಾಂಕಿನಲ್ಲಿವೆ. ಉಳಿದ ಹದಿಮೂರು ಮನೆಗಳು ಎಲ್ಲಿಗೆ ಹೋದವೆಂದು ವಿಚಾರಿಸುತ್ತಿದ್ದೇನೆಂದು ಆಕೆ ಪುಟದ ಅಡಿಯಲ್ಲಿ ಬರೆದಿದ್ದಾಳೆ.